ಕಲ್ಯಾಣದ ಕಲಹ ಮತ್ತು ನಮ್ಮ ಚರಿತ್ರಕಾರರು



ನಮ್ಮ ನಿರ್ಣಾ ಗ್ರಾಮದಲ್ಲಿ ಶ್ರಾವಣ ಬಂದಿತೆಂದರೆ ರಾತ್ರಿ ಊಟವಾದ ಮೇಲೆ ಪುರಾಣ ಪ್ರಾರಂಭವಾಗುವುದು ರೂಢಿ. ಹಲವು ವರ್ಷಗಳ ಹಿಂದೆ ಒಂದು ರಾತ್ರಿ ಬಸವಪುರಾಣದ ಕಡೆಯ ಭಾಗ ನಡೆದಿತ್ತು. ಜಗದೇವನು ಬಿಜ್ಜಳನ ಆಸ್ಥಾನವನ್ನು ಹೊಕ್ಕು ಅವನನ್ನು ಇರಿದ ಪ್ರಸಂಗವನ್ನು ಶಾಸ್ತ್ರಿಗಳು ಆವೇಶಭರಿತರಾಗಿ ಹೇಳಿ ಮುಗಿಸಿದರು. ತಬಲಾ ನಿಂತಿತು, ಜಯಕಾರವಾಯಿತು. ಆಗ ಹೆಣ್ಣುಮಕ್ಕಳ ಸಾಲಿನಿಂದ ಒಬ್ಬ ವೃದ್ಧೆ, "ಅವತ್ತ ಆ ರಾಜನ ಮನ್ಯಾಗ ಯಾರು ಅತ್ತರ್ರೀ, ಶಾಸ್ತ್ರಿಗಳೇ?" ಎಂದು ಕೇಳಿದಳು. ಕೆಲವರು ನಕ್ಕರು. ಶಾಸ್ತ್ರಿಗಳು ಕ್ಷಣಕಾಲ ತಡೆದು, "ಹೊತ್ತಾಗೇದ, ತಾಯಿ, ಮಂಗಳಾರತಿ ಮಾಡೂಣು" ಎಂದರು.

ಶಾಸ್ತ್ರಿಗಳನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಅವರ ಕೈಯಲ್ಲಿದ್ದ ಗ್ರಂಥದಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಏಕಿರಲಿಲ್ಲ ಎಂಬುದನ್ನು ಕುರಿತು ತಮ್ಮೊಡನೆ ಸ್ವಲ್ಪ ವಿಚಾರ ಮಾಡಬೇಕೆಂಬ ಹಂಬಲದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಜರುಗಿದ್ದನ್ನು ನಾವು ಕ್ರಾಂತಿ ಎಂದು ಕರೆಯುತ್ತೇವೆ. ಅದು ಕ್ರಾಂತಿಯೇ ಸರಿ. ಆದರೆ ಅದರ ಕೊನೆಯ ದಿನಗಳು ಅಂತಃಕಲಹದ ದಿನಗಳು. ಹೊರಗಿನ ಶತ್ರು ಯಾರೂ ದಂಡೆತ್ತಿ ಬಂದಿರಲಿಲ್ಲ. ಒಂದೇ ಪಟ್ಟಣದ ಜನ, ಒಂದೇ ಅರಸನ ಉಪ್ಪುಂಡವರು, ಒಂದೇ ಭಾಷೆಯಾಡುವವರು ಪರಸ್ಪರ ಕತ್ತಿ ಹಿರಿದರು. ಇಂಥ ಕಲಹದಲ್ಲಿ ಬಾಳಿದವರ ಚರಿತ್ರೆಯನ್ನು ಬರೆಯುವವನ ಹೊಣೆ ದೊಡ್ಡದು. ಸತ್ತವನೂ ತನ್ನವನೇ, ಕೊಂದವನೂ ತನ್ನವನೇ.

ಮೊದಲು ಶಾಸನಗಳ ಮಾತನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಕಳಚುರ್ಯ ಬಿಜ್ಜಳನು ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದು, ಮೂರನೆಯ ತೈಲಪನ ದೌರ್ಬಲ್ಯವನ್ನು ಬಳಸಿಕೊಂಡು ಅಧಿಕಾರವನ್ನು ಕೈವಶ ಮಾಡಿಕೊಂಡವನು. 1162ರ ಹೊತ್ತಿಗೆ ಸಾರ್ವಭೌಮ ಬಿರುದುಗಳನ್ನು ಧರಿಸಿದ್ದನು. 1167-68ರ ಸುಮಾರಿಗೆ ಅವನ ಮಗ ಸೋವಿದೇವನ ಆಳಿಕೆ ಆರಂಭವಾಗುತ್ತದೆ. ತಂದೆಯೇ ಮಗನಿಗೆ ರಾಜ್ಯವನ್ನೊಪ್ಪಿಸಿದನೆಂದು ಶಾಸನಗಳ ಆಧಾರದಿಂದ ಫ್ಲೀಟ್ ಮೊದಲಾದ ವಿದ್ವಾಂಸರು ಹೇಳಿದ್ದಾರೆ. ಬಿಜ್ಜಳನ ಕೊಲೆಯನ್ನು ಹೇಳುವ ಸಮಕಾಲೀನ ಶಾಸನ ದೊರೆತಿಲ್ಲ. ಸೋವಿದೇವನ ತರುವಾಯ ಅವನ ತಮ್ಮಂದಿರು ಒಬ್ಬರಾದ ಮೇಲೊಬ್ಬರು ಆಳಿ, 1183-84ರ ವೇಳೆಗೆ ನಾಲ್ವಡಿ ಸೋಮೇಶ್ವರನಿಂದ ಚಾಲುಕ್ಯರ ಆಡಳಿತ ಅಲ್ಪಕಾಲ ಮರಳಿ ಬಂದಿತು. ಬಸವಣ್ಣನವರ ವಂಶವನ್ನು ಹೇಳುವ ಪ್ರಸಿದ್ಧ ಅರ್ಜುನವಾಡ ಶಾಸನ 1260ರದು. ಅಂದರೆ ಜಗದೇವನ ಕತ್ತಿ, ಹರಳಯ್ಯನ ಕಣ್ಣು, ಮಾಚಿದೇವನ ಹೋರಾಟ, ಇವೆಲ್ಲ ನಮಗೆ ಕವಿಗಳಿಂದಲೇ ಬಂದವು. ಆದುದರಿಂದ ಕವಿಗಳನ್ನೇ ವಿಚಾರಿಸಿಕೊಳ್ಳಬೇಕು.

ಹರಿಹರನ 'ಬಸವರಾಜದೇವರ ರಗಳೆ' ಕನ್ನಡದಲ್ಲಿ ಬಸವಣ್ಣನವರ ಮೊದಲ ಚರಿತ್ರೆ. ಹರಿಹರನು ಸಂಗಮವನ್ನು ಬಿಟ್ಟು ಹೊರಟ ಬಸವನನ್ನು ಮಂಗಳವಾಡಕ್ಕೆ ಕರೆತರುತ್ತಾನೆ, ಕರಣಿಕರ ನಡುವೆ ಕೂರಿಸುತ್ತಾನೆ, ಭಂಡಾರಿಯನ್ನಾಗಿಸುತ್ತಾನೆ. ಅಲ್ಲಿಯ ಬಿಜ್ಜಳನು ರಾಕ್ಷಸನಲ್ಲ. ಕೊಂಡೆಯರ ಮಾತಿಗೆ ಕಿವಿಗೊಡುವ, ಸಿಟ್ಟಾಗುವ, ಮತ್ತೆ ನಾಚಿ ತಲೆಬಾಗುವ ಮನುಷ್ಯ. ಬಸವನಿಗೂ ಅವನಿಗೂ ನಡುವೆ ಒಂದು ಬಳಕೆ ಇದೆ. ಒಡೆಯ-ಮಂತ್ರಿಗಳ ನಡುವಿನ ಬಿಸಿ-ತಂಪುಗಳಿವೆ. ದುರ್ದೈವದಿಂದ ಇಂದು ದೊರೆಯುವುದು ಹದಿಮೂರು ಸ್ಥಲಗಳು ಮಾತ್ರ. ಕಲಹದ ಭಾಗ ಅದರಲ್ಲಿಲ್ಲ. ಇಷ್ಟು ಮಮತೆಯಿಂದ ಬಿಜ್ಜಳನನ್ನು ಚಿತ್ರಿಸಿದ ಆ ಲೇಖನಿ ಅವನ ಅಂತ್ಯವನ್ನು ಹೇಗೆ ಬರೆಯುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು. ಕನ್ನಡ ಸಾಹಿತ್ಯದಲ್ಲಿ ಕಳೆದುಹೋದ ಪುಟಗಳು ಬಹಳ. ನನ್ನ ಪಾಲಿಗೆ ಇವುಗಳಷ್ಟು ದೊಡ್ಡ ನಷ್ಟ ಬೇರೊಂದಿಲ್ಲ.

ಆದುದರಿಂದ ಕಲಹದ ಮೊದಲ ಪೂರ್ಣ ವೃತ್ತಾಂತಕ್ಕಾಗಿ ನಾವು ತೆಲುಗಿಗೆ ಹೋಗಬೇಕಾಗುತ್ತದೆ. ಪಾಲ್ಕುರಿಕೆ ಸೋಮನಾಥನು ಕಾಕತೀಯರ ನಾಡಿನವನು. ದ್ವಿಪದಿಯಲ್ಲಿ ಬಸವಪುರಾಣವನ್ನು ರಚಿಸಿದನು. ಅದನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ಕನ್ನಡ ಷಟ್ಪದಿಯಲ್ಲಿ ಬರೆದನು. ನಮ್ಮ ಹಳ್ಳಿಗಳಲ್ಲಿ ಹಾಡಿ ಹೇಳುವ ಬಸವಪುರಾಣ ಇದೇ. ಇದರ ಪ್ರಕಾರ ಬಿಜ್ಜಳನು ಇಬ್ಬರು ಭಕ್ತರ ಕಣ್ಣುಗಳನ್ನು ಕೀಳಿಸುತ್ತಾನೆ. ಬಸವಣ್ಣನವರು ಪಟ್ಟಣವನ್ನು ಶಪಿಸಿ, ರಾಜನನ್ನು ಕೊಲ್ಲುವ ಕಾರ್ಯವನ್ನು ಜಗದೇವನಿಗೊಪ್ಪಿಸಿ ಸಂಗಮಕ್ಕೆ ತೆರಳುತ್ತಾರೆ. ಜಗದೇವನು ಮನೆಗೆ ಹೋಗಿ ಊಟಕ್ಕೆ ಕೂರುತ್ತಾನೆ. ಶರಣರಿಗೆ ಇಂಥ ಗತಿ ಬಂದಿರುವಾಗ ಉಣ್ಣಲು ಕುಳಿತ ಮಗನನ್ನು ತಾಯಿ ಹೀಯಾಳಿಸುತ್ತಾಳೆ. ಅವನು ಎದ್ದು, ಮಲ್ಲಯ್ಯ ಬೊಮ್ಮಯ್ಯರೊಡನೆ ಹೋಗಿ ರಾಜನನ್ನು ಇರಿದು, ಬೀದಿಗೆ ಬಂದು ಕೊಂದ ಕಾರಣವನ್ನು ಸಾರುತ್ತಾನೆ. ಆಮೇಲೆ ಪಟ್ಟಣದಲ್ಲಿ ಆಳಿಗೆ ಆಳು, ಕುದುರೆಗೆ ಕುದುರೆ, ಆನೆಗೆ ಆನೆ ಬಿದ್ದು ಕಲ್ಯಾಣ ಹಾಳಾಗುತ್ತದೆ.

ಬಂಧುಗಳೇ, ಈ ಕಥೆಯಲ್ಲಿ ಎರಡು ಸಂಗತಿಗಳು ತಮ್ಮ ಗಮನಕ್ಕೆ ಬರಬೇಕು. ಮೊದಲನೆಯದು, ಕೊಲೆಯ ಆಜ್ಞೆ. ದಯೆಯನ್ನು ಧರ್ಮದ ಮೂಲವೆಂದು ಸಾರಿದ ಬಸವಣ್ಣನವರ ಬಾಯಿಂದ ಪುರಾಣಕಾರನು ಈ ಆಜ್ಞೆಯನ್ನು ಹೊರಡಿಸಿದ್ದಾನೆ. ನಮ್ಮ ಪ್ರವಚನಕಾರರಲ್ಲಿ ಅನೇಕರು ಈ ಸ್ಥಳಕ್ಕೆ ಬಂದಾಗ ಮೆಲ್ಲಗೆ ದಾಟಿಬಿಡುತ್ತಾರೆ. ಇಲ್ಲವೇ, ಜಗದೇವನು ಯಾರ ಮಾತನ್ನೂ ಕೇಳದೆ ಮಾಡಿದ ಎನ್ನುತ್ತಾರೆ. ಹಾಗೆ ನಡೆದಿರಬಹುದು, ಬಸವಣ್ಣನವರ ವಚನಗಳನ್ನು ಓದಿದವರಿಗೆ ಹಾಗೆಯೇ ತೋರುವುದು ಸಹಜ. ಆದರೆ ಪುರಾಣದಲ್ಲಿ ಅಂತಿದೆ ಎಂದು ಹೇಳಬಾರದು. ಸೋಮನಾಥನಿಗೆ ಈ ವಿಷಯದಲ್ಲಿ ಸಂಕೋಚವೇ ಇರಲಿಲ್ಲ. ಅವನು ಆರಾಧಿಸಿದ್ದು ವೀರಭಕ್ತಿಯನ್ನು. ಶಿವನಿಗಾಗಿ ಕಣ್ಣು ಕಿತ್ತು ಕೊಟ್ಟವರ, ಮಗನನ್ನೇ ಅರ್ಪಿಸಿದವರ ಪುರಾತನ ಕಥೆಗಳ ಸಾಲಿನಲ್ಲಿ ಅವನು ಜಗದೇವನನ್ನೂ ಇಟ್ಟನು. ಅವನ ಕಾಲದ ಶ್ರೋತೃಗಳಿಗೆ ಅದು ರುಚಿಸಿತು. ನಮಗೆ ಸಂಕೋಚವಾಗುತ್ತಿದ್ದರೆ ಆ ಸಂಕೋಚ ನಮ್ಮದು. ಅದನ್ನು ಕವಿಯ ಪಾಲಿಗೆ ಹಚ್ಚುವುದು ನ್ಯಾಯವಲ್ಲ.

ಎರಡನೆಯದು, ಆ ಊಟ. ಇಡೀ ವೃತ್ತಾಂತದಲ್ಲಿ ನನಗೆ ಅತ್ಯಂತ ಸತ್ಯವೆಂದು ಕಾಣುವ ಭಾಗ ಇದೇ. ರಾಜನನ್ನು ಕೊಲ್ಲುವ ಹೊಣೆ ಹೊತ್ತ ವ್ಯಕ್ತಿ ಮನೆಗೆ ಹೋಗಿ ಉಣ್ಣಲು ಕೂರುತ್ತಾನೆ. ಹಸಿದಿದ್ದನೇ? ಕಾರ್ಯವನ್ನು ಮುಂದೂಡಬೇಕೆಂದಿದ್ದನೇ? ಕೈ ನಡುಗುತ್ತಿತ್ತೇ? ಕವಿ ಬಿಡಿಸಿ ಹೇಳುವುದಿಲ್ಲ. ತಾಯಿಯ ಧಿಕ್ಕಾರದ ಮಾತಿಗಾಗಿಯೇ ಅವನು ಈ ಸನ್ನಿವೇಶವನ್ನು ತಂದಿದ್ದರೂ, ತಿಳಿದೋ ತಿಳಿಯದೆಯೋ ಜಗದೇವನ ಹಿಂಜರಿಕೆಯನ್ನು ನಮಗೆ ತೋರಿಸಿಬಿಟ್ಟಿದ್ದಾನೆ. ವೀರಭಕ್ತಿಯನ್ನು ಹಾಡಲು ಹೊರಟ ಕವಿಗೆ ಇದು ಅನವಶ್ಯಕವಾಗಿತ್ತು. ಹಾಗಿದ್ದೂ ಉಳಿಯಿತು. ಜನರ ಬಾಯಲ್ಲಿ ಹಾಗೆ ಇದ್ದುದರಿಂದಲೇ ಉಳಿದಿರಬೇಕೆಂದು ನನ್ನ ಊಹೆ.

ಇಲ್ಲಿ ಒಂದು ಹೊರನಾಡಿನ ಉದಾಹರಣೆ ಹೇಳಿದರೆ ತಾವು ಬೇಸರಪಡಲಾರಿರಿ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಜೂಲಿಯಸ್ ಸೀಸರನನ್ನು ಅವನ ಸಭಾಸದರೇ ಇರಿದು ಕೊಂದರು. ಆ ಮೊದಲೂ ಆ ಮೇಲೂ ರೋಮು ಅಂತಃಕಲಹದಲ್ಲಿ ಬೆಂದಿತು. ಸುಮಾರು ನೂರೈವತ್ತು ವರ್ಷಗಳ ತರುವಾಯ ಗ್ರೀಕ್ ಲೇಖಕ ಪ್ಲೂಟಾರ್ಕನು ಆ ಕಾಲದವರ ಜೀವನಚರಿತ್ರೆಗಳನ್ನು ಬರೆದನು. ಅವನು ಸೀಸರನ ಚರಿತ್ರೆಯನ್ನು ಬರೆದ. ಸೀಸರನಿಗೆ ಇದಿರಾದ ಪಾಂಪೆಯದನ್ನು ಬರೆದ. ಸೀಸರನನ್ನು ಕೊಂದ ಬ್ರೂಟಸನದನ್ನೂ ಅಷ್ಟೇ ಆದರದಿಂದ ಪ್ರತ್ಯೇಕವಾಗಿ ಬರೆದ. ಒಂದೇ ಕೊಲೆಯನ್ನು ಒಮ್ಮೆ ಸತ್ತವನ ಮನೆಯಿಂದ, ಒಮ್ಮೆ ಕೊಂದವನ ಮನೆಯಿಂದ ನೋಡಿದ. ಬ್ರೂಟಸನ ಹೆಂಡತಿ ಪೋರ್ಶಿಯಾ ಗಂಡನ ಗುಟ್ಟಿಗೆ ತಾನು ಅರ್ಹಳೆಂದು ತೋರಿಸಲು ತನ್ನ ತೊಡೆಯನ್ನೇ ಗಾಯಗೊಳಿಸಿಕೊಂಡ ಪ್ರಸಂಗ ಅಲ್ಲಿದೆ. ಅದನ್ನು ಓದುವಾಗ ಜಗದೇವನ ತಾಯಿ ನೆನಪಾಗದಿರಳು. ಪ್ಲೂಟಾರ್ಕನಿಗೂ ಕೊಲೆಗೂ ನಡುವೆ ಇದ್ದ ಅಂತರ ಸೋಮನಾಥನಿಗೂ ಕಲ್ಯಾಣಕ್ಕೂ ನಡುವೆ ಇದ್ದ ಅಂತರಕ್ಕಿಂತ ಕಡಿಮೆಯಲ್ಲ. ಆದರೆ ನಮ್ಮಲ್ಲಿ ಬಿಜ್ಜಳನ ಚರಿತ್ರೆಯನ್ನು ಶರಣಪಕ್ಷದ ಒಬ್ಬ ಕವಿಯೂ ಬರೆಯಲಿಲ್ಲ.

ಜೈನರು ಬರೆದರು. ಧರಣಿಪಂಡಿತನ 'ಬಿಜ್ಜಳರಾಯ ಚರಿತೆ' ಹಲವು ಶತಮಾನಗಳ ನಂತರದ ಕೃತಿ. ಅದರಲ್ಲಿ ಬಿಜ್ಜಳನು ಕೊಲ್ಲಾಪುರದ ಶಿಲಾಹಾರರ ಮೇಲೆ ದಂಡೆತ್ತಿ ಹೋಗಿ ಹಿಂದಿರುಗುವಾಗ ಭೀಮಾತೀರದಲ್ಲಿ ವಿಷಪೂರಿತ ಹಣ್ಣಿನಿಂದ ಸಾಯುತ್ತಾನೆ, ಬಸವಣ್ಣನವರು ಅದಕ್ಕೆ ಕಾರಣರಾಗಿ ಕೊನೆಗೆ ಬಾವಿಗೆ ಬೀಳುತ್ತಾರೆ. ಈ ಕಥೆ ನಮಗೆ ಅಸಹ್ಯವಾಗುತ್ತದೆ. ಆಗಲೇಬೇಕು. ಇತಿಹಾಸಕ್ಕೂ ಅದು ನಿಲ್ಲುವಂತಹದಲ್ಲ. ಆದರೂ ಆ ಕವಿಗೂ ನಮ್ಮ ಪುರಾಣಕಾರನಿಗೂ ಒಂದು ಹೋಲಿಕೆ ಇದೆ: ಇದಿರು ಪಕ್ಷದ ಮನುಷ್ಯನಿಗೆ ಇಬ್ಬರೂ ಮನೆಯನ್ನು ಕೊಡಲಿಲ್ಲ.

ನಂತರದ ವೀರಶೈವ ಚರಿತ್ರೆಗಳಲ್ಲಿ ಕಲಹದ ಕಾರಣ ಸ್ಪಷ್ಟವಾಗುತ್ತ ಬರುತ್ತದೆ. ಸೋಮನಾಥನಲ್ಲಿ ಇಬ್ಬರು ಭಕ್ತರ ಕಣ್ಣು ಕೀಳಿಸಿದ್ದುಂಟು; ಅದಕ್ಕೆ ಮದುವೆಯ ಕಾರಣ ಹೇಳಿಲ್ಲ. ಸಮಗಾರ ಹರಳಯ್ಯನವರ ಮಗ ಶೀಲವಂತನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳು ಲಾವಣ್ಯವತಿಗೂ ನಡೆದ ವಿವಾಹದ ವೃತ್ತಾಂತ ಹಿಂದಿನಿಂದ ಸೇರಿ ಬೆಳೆದು ಬಂದಿದೆ. ಇದು ಕಲ್ಪಿತವೆಂದು ನಾನು ಹೇಳುತ್ತಿಲ್ಲ. ಜನ ತಮ್ಮೊಳಗೆ ಇಟ್ಟುಕೊಂಡ ನೆನಪು ಗ್ರಂಥಕ್ಕೆ ತಡವಾಗಿ ಏರುವುದುಂಟು. ಇಂಥ ಮದುವೆಯ ನೆನಪನ್ನು ಮೇಲುಜಾತಿಯ ಓದುಬರಹ ಬೇಗ ದಾಖಲಿಸುವುದೂ ಇಲ್ಲ. ಆದರೆ ವಿಮರ್ಶಕನಾಗಿ ಒಂದು ಮಾತು ಹೇಳಲೇಬೇಕು. ಆ ವಧೂವರರ ಚರಿತ್ರೆಯನ್ನು ಯಾವ ಪುರಾಣವೂ ಮನಸ್ಸು ಕೊಟ್ಟು ಬರೆಯಲಿಲ್ಲ. ತಂದೆಯರ ಹುತಾತ್ಮತೆಗೆ ಅವರು ನಿಮಿತ್ತವಾಗಿ ಬಂದು ಹೋಗುತ್ತಾರೆ. ಬಸವಕಲ್ಯಾಣಕ್ಕೆ ಹೋದಾಗ ತಾವು ಹರಳಯ್ಯನವರ ಗವಿಯನ್ನು ನೋಡಿರುತ್ತೀರಿ, ತ್ರಿಪುರಾಂತಕ ಕೆರೆಯ ಮಗ್ಗುಲಲ್ಲಿ ನಡೆದಿರುತ್ತೀರಿ. ಆ ಹುಡುಗಿ ಎಲ್ಲಿ ಹೋದಳೆಂದು ಅಲ್ಲಿ ತಮಗೆ ಯಾರೂ ಹೇಳಿರಲಾರರು.

ವಿರೂಪಾಕ್ಷ ಪಂಡಿತನ 'ಚೆನ್ನಬಸವಪುರಾಣ' (1584) ಪಾಂಡಿತ್ಯದ ಗಣಿ. ಚೆನ್ನಬಸವಣ್ಣನವರು ಸೊನ್ನಲಿಗೆಯ ಸಿದ್ಧರಾಮರಿಗೆ ಉಪದೇಶಿಸಿದಂತೆ ಅದರ ರಚನೆ. ಶಿವನ ಲೀಲೆ, ಆಚಾರ, ಕಾಲಜ್ಞಾನ ಎಲ್ಲವೂ ಅಲ್ಲುಂಟು. ಆದರೆ ಉಳವಿಯ ದಾರಿಯಲ್ಲಿ ಬೆನ್ನಟ್ಟಿ ಬರುವ ದಂಡಿನ ಮುಂದೆ ಮುದುಕರನ್ನೂ ಹೆಂಗಸರನ್ನೂ ವಚನದ ಕಟ್ಟುಗಳನ್ನೂ ಕಾಪಾಡಿಕೊಂಡು ನಡೆದ ಆ ತರುಣನು ತತ್ತ್ವದ ಮರೆಯಲ್ಲಿ ಕಾಣದಾಗುತ್ತಾನೆ. ಆ ದಾರಿಯನ್ನು ನಮಗೆ ಉಳಿಸಿಕೊಟ್ಟವರು ಕವಿಗಳಿಗಿಂತ ಹೆಚ್ಚಾಗಿ ಊರಿನ ಜನ. ಕಾದರವಳ್ಳಿಯಲ್ಲಿ ಕಾಳಗವಾಯಿತೆಂದು ಅವರು ಹೇಳುತ್ತಾರೆ. ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರನ್ನು, ಮಲಪ್ರಭೆಯ ದಂಡೆಯ ಎಂ. ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯವರನ್ನು, ತರೀಕೆರೆಯ ಬಳಿ ಎಣ್ಣೆಹೊಳೆಯಲ್ಲಿ ಅಕ್ಕನಾಗಮ್ಮನವರನ್ನು ತೋರಿಸುತ್ತಾರೆ. ಈ ಊರುಗಳನ್ನು ನಕಾಶೆಯಲ್ಲಿ ಗುರುತಿಸಿ ನೋಡಿರಿ. ದಿಕ್ಕೆಟ್ಟು ಚದುರಿದ ಒಂದು ಜನಸಮೂಹದ ಹೆಜ್ಜೆಗಳು ಕಾಣುತ್ತವೆ. ಮಡಿವಾಳ ಮಾಚಿದೇವರು ಆ ಸಮೂಹದ ಬೆಂಗಾವಲಿಗೆ ನಿಂತರೆಂಬುದು ಎಲ್ಲೆಡೆಯ ನಂಬಿಕೆ. ಬಟ್ಟೆ ಒಗೆಯುವ ಕಾಯಕದವರು ಸೇನಾನಿಯಾದದ್ದು ಹೇಗೆ ಎಂಬುದನ್ನು ಬರೆದ ಕವಿ ಒಬ್ಬನಾದರೂ ಇದ್ದಿದ್ದರೆ!

ಈ ಕಾಲದ ಬರಹಗಾರರು ಆ ಮನೆಗಳ ಬಾಗಿಲು ತೆರೆದರು. ಬಿ. ಪುಟ್ಟಸ್ವಾಮಯ್ಯನವರು ಆರು ಕಾದಂಬರಿಗಳ ಮಾಲೆಯನ್ನೇ ಬರೆದರು. ಅದರ ಕೊನೆಯ 'ಕ್ರಾಂತಿ ಕಲ್ಯಾಣ'ಕ್ಕೆ 1964ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಬಂದಿತು. ಲಂಕೇಶರ 'ಸಂಕ್ರಾಂತಿ' 1971ರದು. ಎಚ್. ಎಸ್. ಶಿವಪ್ರಕಾಶರ 'ಮಹಾಚೈತ್ರ' 1986ರದು. ಅದು ಪಠ್ಯವಾದಾಗ ನಮ್ಮವರಿಂದ ಎದ್ದ ಪ್ರತಿಭಟನೆ ತಮಗೆ ನೆನಪಿರಬಹುದು. ಗಿರೀಶ ಕಾರ್ನಾಡರ 'ತಲೆದಂಡ' 1990ರಲ್ಲಿ ಬಂದಿತು. ಈ ನಾಟಕಗಳ ಎಲ್ಲ ಮಾತುಗಳನ್ನೂ ನಾನು ಒಪ್ಪುವವನಲ್ಲ. ಬಸವಣ್ಣನವರ ಅಂತರಂಗದ ಭಕ್ತಿ ಈ ರಂಗಭೂಮಿಯ ಮೇಲೆ ಬಹಳ ಸಲ ರಾಜಕಾರಣದ ಚಿಂತೆಯಾಗಿ ಇಳಿದುಬಿಡುತ್ತದೆ. ಆದರೆ 'ತಲೆದಂಡ' ಪ್ರಾರಂಭವಾಗುವುದೇ ಜಗದೇವನ ಮನೆಯಲ್ಲಿ. ಸಾಯುತ್ತಿರುವ ತಂದೆ ಒಳಗೆ, ಮಗನ ದಾರಿ ಕಾಯುವ ತಾಯಿ. ಪುರಾಣದ ತಾಯಿ ಮಗನನ್ನು ಮನೆಯಿಂದ ಹೊರಗಟ್ಟಿದಳು. ನಾಟಕದ ತಾಯಿ ಒಳಗೆ ಕರೆಯುತ್ತಾಳೆ. ಬಿಜ್ಜಳನಿಗೂ ಅಲ್ಲಿ ಹೆಂಡತಿಯುಂಟು, ತಂದೆಯನ್ನು ದ್ವೇಷಿಸುವ ಮಗನುಂಟು, ಹುಟ್ಟಿನ ಕೀಳರಿಮೆಯುಂಟು. ನಾವು ಪುರಾಣ ಕೇಳಿ ಬೆಳೆದವರು ಇದರಿಂದ ಸಿಟ್ಟಾಗಬೇಕಾಗಿಲ್ಲ. ಹರಿಹರನ ರಗಳೆಯಲ್ಲಿ ನಿಂತುಹೋದ ಒಂದು ಎಳೆ ಎಂಟು ಶತಮಾನಗಳ ತರುವಾಯ ಮತ್ತೆ ಕೈಗೆ ಸಿಕ್ಕಿದೆ ಎಂದು ನನಗನಿಸುತ್ತದೆ.

ಇಷ್ಟೇಕೆ ಎಳೆದು ಹೇಳುತ್ತಿರುವೆನೆಂದು ತಾವು ಕೇಳಬಹುದು. ನಮ್ಮ ಬೀದರ ಜಿಲ್ಲೆಯವರಿಗೆ ಈ ವಿಚಾರ ಎಂಟುನೂರು ವರ್ಷ ಹಳೆಯದಲ್ಲ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಸೀಮೆಯ ಗೋರಟಾದಲ್ಲಿ ರಜಾಕಾರರು ಮಾಡಿದ ಹತ್ಯಾಕಾಂಡವನ್ನು ಕೇಳದ ಮನೆ ಈ ಭಾಗದಲ್ಲಿಲ್ಲ. ಆ ವರ್ಷ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಆ ಹೋರಾಟದ ವೀರರ ಚರಿತ್ರೆಗಳನ್ನು ನಾವು ಬರೆದಿದ್ದೇವೆ, ಬರೆಯಬೇಕು. ಸ್ವಾಮಿ ರಮಾನಂದ ತೀರ್ಥರನ್ನು, ಹೊರಗೆ ಉರ್ದು ಶಾಲೆಯೆಂದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರನ್ನು ನೆನೆಯದೆ ಈ ನಾಡಿನ ಚರಿತ್ರೆ ಇಲ್ಲ. ಆದರೆ ಆ ಸೆಪ್ಟೆಂಬರಿನ ನಂತರದ ದಿನಗಳಲ್ಲಿ ಇದೇ ಜಿಲ್ಲೆಯ ಹಳ್ಳಿಗಳಲ್ಲಿ ಮುಸಲ್ಮಾನರ ಮನೆಗಳ ಮೇಲೆ ಸೇಡು ಎರಗಿತು. ಕೇಂದ್ರ ಸರಕಾರ ಕಳಿಸಿದ ಪಂಡಿತ ಸುಂದರಲಾಲ ಸಮಿತಿ ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಬೀದರ, ಗುಲಬರ್ಗಾಗಳನ್ನೂ ಹೆಸರಿಸಿತು. ಆ ವರದಿ ದಶಕಗಟ್ಟಲೆ ಪ್ರಕಟವಾಗದೆ ಉಳಿಯಿತು. ಸತ್ತವರಲ್ಲಿ ರಜಾಕಾರರ ಮುಖವನ್ನೇ ಕಾಣದ ಕೂಲಿಕಾರರಿದ್ದರು, ನೇಕಾರರಿದ್ದರು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು, ದನಿ ತಗ್ಗಿಸಿ. ಗೋರಟಾದ ಮಾತನ್ನು ಅವರು ಗಟ್ಟಿಯಾಗಿಯೇ ಹೇಳುತ್ತಿದ್ದರು. ಕಣ್ಣಾರೆ ಕಂಡವರು ಇದ್ದಾಗಲೇ ಒಂದು ಕಥೆ ಗಟ್ಟಿ ದನಿಯದು, ಇನ್ನೊಂದು ತಗ್ಗಿದ ದನಿಯದು ಆಯಿತೆಂದ ಮೇಲೆ, ಸೋಮನಾಥನು ಕೇಳಿಸಿಕೊಂಡದ್ದು ಗಟ್ಟಿ ದನಿಯನ್ನಷ್ಟೇ ಎಂಬುದರಲ್ಲಿ ಆಶ್ಚರ್ಯವೇನಿದೆ?

ಈಗ ಆ ವೃದ್ಧೆಯ ಪ್ರಶ್ನೆಗೆ ಬರುತ್ತೇನೆ. ಉತ್ತರ ನಮ್ಮ ಸಂಪ್ರದಾಯದಲ್ಲಿಯೇ ಇತ್ತು. ನಾವು ಆ ಕಡೆ ತಿರುಗಿ ನೋಡಿರಲಿಲ್ಲ. ಬಸವಣ್ಣನವರ ಮಡದಿ ನೀಲಾಂಬಿಕೆಯವರು ಸಿದ್ಧರಸರ ಮಗಳೆಂದೂ ಬಿಜ್ಜಳನ ಸಾಕುತಂಗಿಯೆಂದೂ ಕೆಲವು ಚರಿತ್ರೆಗಳು ಹೇಳುತ್ತವೆ. ಇದನ್ನು ಓದಿಯೂ ನಾವು ಸಂಬಂಧದ ಪಟ್ಟಿಯಲ್ಲಿ ಸೇರಿಸಿ ಮುಂದೆ ಹೋಗುತ್ತೇವೆ. ಸ್ವಲ್ಪ ನಿಂತು ನೋಡಿರಿ. ಅರಮನೆಯಲ್ಲಿ ಬಿದ್ದವನು ಆಕೆಗೆ ಅಣ್ಣ. ಸಂಗಮಕ್ಕೆ ಹೊರಟವರು ಪತಿ. ಕತ್ತಿ ಹಿರಿದವನು ಮಹಾಮನೆಯಲ್ಲಿ ದಿನವೂ ಕಂಡ ಶರಣ. ಕಲ್ಯಾಣದ ಕಲಹ ಇಡಿಯಾಗಿ ಈ ಒಬ್ಬ ಹೆಣ್ಣುಮಗಳ ಮನೆಯೊಳಗೆ ನಡೆಯಿತು. ಆಕೆಯನ್ನು ಕರೆತರಲು ಬಸವಣ್ಣನವರು ಹಡಪದ ಅಪ್ಪಣ್ಣನವರನ್ನು ಕಳಿಸಿದರೆಂದೂ, ತಂಗಡಗಿಗೆ ಬರುವಷ್ಟರಲ್ಲಿ ಪತಿಯ ಐಕ್ಯದ ಸುದ್ದಿ ಮುಟ್ಟಿತೆಂದೂ, ಹೊಳೆ ದಾಟದೆ ಅಲ್ಲಿಯೇ ಲಿಂಗೈಕ್ಯರಾದರೆಂದೂ ಪ್ರತೀತಿ. ಆಕೆಯ ವಚನಗಳು ನಮಗೆ ದೊರೆತಿವೆ. ಹೆಸರು, ರೂಪ, ಹೆಣ್ಣು, ಗಂಡು ಎಂಬ ಭಾವಗಳೆಲ್ಲ ಒಂದೊಂದಾಗಿ ಕಳಚಿ ಬೀಳುವ ಆ ಮಾತುಗಳನ್ನು ನಮ್ಮ ವ್ಯಾಖ್ಯಾನಕಾರರು ಐಕ್ಯಸ್ಥಲದ ನಿಲುವೆಂದು ವಿವರಿಸುತ್ತಾರೆ. ಅದು ಸತ್ಯ. ಆದರೆ ಎರಡೂ ಮನೆಗಳನ್ನು ಕಳೆದುಕೊಂಡವಳ ಮಾತುಗಳೆಂದು ತಿಳಿದು ಅವುಗಳನ್ನು ಇನ್ನೊಮ್ಮೆ ಓದಿ ನೋಡಬೇಕೆಂದು ತಮ್ಮಲ್ಲಿ ಬೇಡುತ್ತೇನೆ.

ಅಂದು ಪ್ರಶ್ನೆ ಕೇಳಿದ ಆ ತಾಯಿ ಈಗ ಇಲ್ಲ. ಅವಳ ಮೊಮ್ಮಗಳು ಪ್ರತಿ ಶ್ರಾವಣದಲ್ಲಿಯೂ ಅದೇ ಜಾಗದಲ್ಲಿ ಕೂರುತ್ತಾಳೆ. ಈ ವರ್ಷ ಪುರಾಣ ಜಗದೇವನ ಊಟದವರೆಗೆ ಬಂದಾಗ, ಶಾಸ್ತ್ರಿಗಳ ಅಪ್ಪಣೆ ಪಡೆದು, ನೀಲಮ್ಮನವರ ಕಥೆಯನ್ನು ನಾನೇ ಎದ್ದು ಹೇಳಬೇಕೆಂದಿದ್ದೇನೆ.